ಅವ್ವನ ಓ.ಟಿ.ಗೆ ತೆರಿಗೆ ಬೀಳಲಿಲ್ಲ

ನೆದರ್‌ಲ್ಯಾಂಡ್ಸಿನ ಹೂಫ್‌ಡಾರ್ಪ್ ಊರಿನ ನಮ್ಮ ಆಫೀಸಿನಲ್ಲಿ ವಿಮಾನದ ಬಿಡಿಭಾಗಗಳ ಸ್ಟಾಕ್ ಎಣಿಸಲು ಎರಡು ಶನಿವಾರ ಹೆಚ್ಚುವರಿ ದುಡಿದಿದ್ದೆವು. ಆ ಗಂಟೆಗಳನ್ನು ನಾನು ಓವರ್‌ಟೈಮ್, ಅಂದರೆ ಓ.ಟಿ., ಎಂದು ಕಂಪ್ಯೂಟರಿನಲ್ಲಿ ತುಂಬುತ್ತಿದ್ದಾಗ ಪಕ್ಕದ ಕುರ್ಚಿಯ ಬೆಂಗಳೂರಿನ ಗೆಳತಿ ನಕ್ಕಳು.

“ಸುಮ್ನೆ ಯಾಕೆ ಹಾಕ್ತೀಯ? ಅರ್ಧ ಟ್ಯಾಕ್ಸ್‌ಗೇ ಹೋಗುತ್ತೆ ಕಣೇ. ನಾನಂತೂ ಹಾಕಲ್ಲ. ಬಾಸ್ ಹತ್ರ ಒಳ್ಳೇ ಹೆಸ್ರಾದ್ರೂ ಉಳಿಯುತ್ತೆ.”

“ಇನ್ನರ್ಧ ಯಾರಪ್ಪಂದು?” ಎಂದೆ.

ಸಂಬಳದ ಚೀಟಿ ತೆಗೆದು ಅಂದಾಜು ಮಾಡಿದೆ. ಒಂದು ಶನಿವಾರದ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಸರ್ಕಾರಕ್ಕೆ, ಇನ್ನೊಂದು ನನಗೆ. ಜಾಸ್ತಿ ಹಿಡಿದಿದ್ದರೆ ವರ್ಷದ ತೆರಿಗೆ ಲೆಕ್ಕ ಕೊಟ್ಟಾಗ ವಾಪಸ್ಸು ಬರುತ್ತದೆ. ನನ್ನ ಪಾಲನ್ನು ಬಿಟ್ಟುಕೊಡಲು ನಾನು ಯಾರಿಗೂ ಸಾಲಗಾರಳಲ್ಲ.

ನಮ್ಮವ್ವ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿದು ನನ್ನನ್ನು ಡಿಗ್ರಿ ಓದಿಸಿದಳು. ನಮ್ಮ ಮನೆಯಲ್ಲಿ ಅದೇ ಮೊದಲ ಡಿಗ್ರಿ. ಟಾರ್ಗೆಟ್ ಮುಗಿಯದಿದ್ದರೆ ಸೈರನ್ ಆದ ಮೇಲೂ ಕೂರಿಸುತ್ತಿದ್ದರು. ಅವಳ ಓ.ಟಿ.ಗೆ ಒಂದು ಪೈಸೆ ತೆರಿಗೆಯೂ ಬೀಳಲಿಲ್ಲ, ಏಕೆಂದರೆ ಕೂಲಿಯೇ ಬೀಳಲಿಲ್ಲ.

“ನಿಜವಾಗಿಯೂ ಇದನ್ನು ಹಾಕಬೇಕೇ?” ಎಂದು ನಾನು ತುಂಬಿದ ಗಂಟೆಗಳನ್ನು ನೋಡಿ ನಮ್ಮ ಆಫೀಸಿನ ಮ್ಯಾನೇಜರ್ ಕೇಳಿದರು. ಹಾಕಲೇಬೇಕು ಎಂದೆ.

ತಿಂಗಳ ಕೊನೆಗೆ ಚೀಟಿಯ ಫೋಟೋ ಅವ್ವನಿಗೆ ಕಳಿಸಿ ಫೋನ್ ಮಾಡಿದೆ. “ಅರ್ಧ ಟ್ಯಾಕ್ಸ್ ಹಿಡ್ಕಂಡವ್ರೆ ಕಣವ್ವ.”

“ಹಿಡ್ಕಳ್ಲಿ ಬಿಡು. ಓ.ಟಿ. ಅಂತ ಅಚ್ಚಾಗಿರೋದು ಎಲ್ಲೈತೆ, ಅದ್ನ ತೋರ್ಸು.”