ಕುದುರೆ ನೀರು ಕುಡಿದ ಮೇಲೆ

ಹಬ್ಬಕ್ಕೆ ಮುಂಚೆ ಬಾಗಿಲುಗಳಿಗೆ ಬಣ್ಣ ಹೊಡೆಸಲೇಬೇಕೆಂದು ನಮ್ಮ ಮನೆಯವಳು ಹಟ ಹಿಡಿದಿದ್ದಳು. ಮೊನ್ನೆ ಬೆಳಿಗ್ಗೆ ಬಣ್ಣದವನು ಬಂದು ಜಗಲಿಯ ಮೇಲೆ ಕುಳಿತು, ಡಬ್ಬಿಗೆ ಟರ್ಪೆಂಟೈನ್ ಸುರಿದು ಕಲಸುತ್ತಿದ್ದ. ಅದೇ ಹೊತ್ತಿಗೆ ಅವಳು ದೇವರ ಮನೆಯಲ್ಲಿ ಕರ್ಪೂರ ಹಚ್ಚಿದಳು. ಎರಡು ವಾಸನೆಯೂ ನಡುಮನೆಗೆ ಬಂದು ಒಂದಾದವು. ಪತ್ರಿಕೆ ಓದುತ್ತಿದ್ದ ನಾನು ತಲೆ ಎತ್ತಿದೆ. ನಮ್ಮ ಮನೆಯಲ್ಲಿ ಕುದುರೆ ಇಲ್ಲ, ಎಂದೂ ಇರಲಿಲ್ಲ. ಆದರೂ ಪಕ್ಕದಲ್ಲೇ ಒಂದು ಕುದುರೆ ನಿಂತು ಉಸಿರು ಬಿಡುತ್ತಿದೆ ಅನ್ನಿಸಿತು. ಅದರ ಹಿಂದೆ ಸವಾರ್ ಮಾವ...

ಮಾವ ಎಂದರೆ ನೆಂಟರೇನಲ್ಲ. ಮಧುಗಿರಿಯಲ್ಲಿ ಕೋಟೆಯ ಕೆಳಗಿನ ನಮ್ಮ ಬೀದಿಯಲ್ಲಿ ಎದುರು ಮನೆಯವರು. ಮಹಾರಾಜರ ಕುದುರೆ ಪಡೆಯಲ್ಲಿದ್ದು, ಹಿಂದಿನ ದೊಡ್ಡ ಯುದ್ಧದಲ್ಲಿ ಹಡಗು ಹತ್ತಿ ಮಿಸ್ರ ದೇಶದ, ಅಂದರೆ ಈಜಿಪ್ಟಿನ, ಮರಳುಗಾಡಿಗೆ ಹೋಗಿ ಬಂದಿದ್ದರು. ಅಲ್ಲಿ ದಫೇದಾರರಾಗಿದ್ದರಂತೆ, ಅಂದರೆ ಒಂದಷ್ಟು ಸವಾರರ ಮೇಲಿನವರು. ವಾಪಸು ಬಂದ ಮೇಲೆ ಜಟಕಾ ಕುದುರೆಗಳಿಗೂ ಎತ್ತುಗಳಿಗೂ ಲಾಳ ಕಟ್ಟಿ ಬದುಕುತ್ತಿದ್ದರು. ಹೆಂಡತಿ ಪ್ಲೇಗಿನಲ್ಲಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಡತೊಡೆಯಲ್ಲಿ ಒಂದು ಕಬ್ಬಿಣದ ಚೂರು ಉಳಿದುಹೋಗಿತ್ತು. ಅದನ್ನು ಅವರು "ನನ್ನ ಬಾಡಿಗೆದಾರ" ಎನ್ನುತ್ತಿದ್ದರು.

ಟರ್ಪೆಂಟೈನಿನಲ್ಲಿ ಕರ್ಪೂರ ಕರಗಿಸಿ, ಎಳ್ಳೆಣ್ಣೆ ಬೆರೆಸಿ, ಕುದುರೆಯ ಕಾಲಿಗೆ ತಿಕ್ಕುವ ಒಂದು ಎಣ್ಣೆ ಮಾಡುತ್ತಿದ್ದರು. ನಮ್ಮಪ್ಪ ಮಂಡಿಯಲ್ಲಿ ಕಡಲೆಕಾಯಿ ಮೂಟೆ ಹೊರುತ್ತಿದ್ದವರು. ಸಂಜೆ ಹೆಗಲು ಹಿಡಿದುಕೊಂಡು ಬಂದರೆ ಮಾವ ಕರೆದು, ಜಗಲಿಯ ಮೇಲೆ ಬೋರಲು ಮಲಗಿಸಿ ಅದೇ ಎಣ್ಣೆ ತಿಕ್ಕುತ್ತಿದ್ದರು.

"ಅಯ್ಯಯ್ಯೋ, ಉರಿ! ಮನುಷ್ಯನಿಗೆ ಹಚ್ಚೋ ಎಣ್ಣೆ ಏನಯ್ಯ ಇದು?" ಎಂದು ಅಪ್ಪ ಕೂಗುತ್ತಿದ್ದರು.

"ಮೂಟೆ ಹೊರೋನು ಕುದುರೇನೇ ಕಣಯ್ಯ. ಒದೀಬ್ಯಾಡ, ಸುಮ್ಕೆ ಬಿದ್ಕೊ."

ಮೂಟೆ ಹೊರುವವರ ಮಗ ನಾನು ಬಿ.ಎ. ಪಾಸಾದೆ. ಇದನ್ನು ಬರೆಯಲು ನನಗೆ ಸಂಕೋಚವಿಲ್ಲ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರಲ್ಲಿ ನಾನೇ ಮೊದಲನೆಯವನು. ವಾರಾನ್ನ ಉಂಡು, ಬೇರೆಯವರ ಹಳೆಯ ಪುಸ್ತಕಗಳನ್ನು ಓದಿ, ಬೆಂಗಳೂರಿನ ಬೀದಿದೀಪಗಳನ್ನು ಮನೆಯ ದೀಪ ಮಾಡಿಕೊಂಡು ಪಡೆದ ಪದವಿ. ಸುದ್ದಿ ಬಂದ ದಿನ ಮಾವ ಪೆಟ್ಟಿಗೆಯಿಂದ ಖಾಕಿ ಕೋಟು ತೆಗೆದು ಹಾಕಿಕೊಂಡು ಬೀದಿಯ ನಡುವೆ ನನಗೆ ಸಲಾಮು ಹೊಡೆದರು. ಅಂದಿನಿಂದ ನನ್ನ ಹೆಸರೇ ಹೋಯಿತು. "ಲೇ ಬಿಯೆ, ಬಾರ್ಲಾ ಇಲ್ಲಿ, ಎತ್ತಿನ ಕಾಲು ಹಿಡ್ಕೊ."

ಯುದ್ಧದ ಕಥೆ ಹೇಳು ಎಂದರೆ ಅವರು ಯುದ್ಧ ಹೇಳುತ್ತಿರಲಿಲ್ಲ, ನೀರಿನ ಕಥೆ ಹೇಳುತ್ತಿದ್ದರು. ಮರಳುಗಾಡಿನಲ್ಲಿ ಇಡೀ ದಿನ ನಡೆದು ಬಾವಿ ಸಿಕ್ಕರೆ ಮೊದಲು ಕುದುರೆಗೆ ನೀರು. ಅದು ಕುಡಿದು, ಮೈ ಉಜ್ಜಿಸಿಕೊಂಡು, ಗೊರಸಿನ ಕಲ್ಲು ತೆಗೆಸಿಕೊಂಡ ಮೇಲೆ ಸವಾರ. ಸವಾರರೆಲ್ಲ ಕುಡಿದ ಮೇಲೆ ದಫೇದಾರ. ತೊಡೆಗೆ ಪೆಟ್ಟು ಬಿದ್ದ ದಿನವೂ ಹಾಗೇ ಮಾಡಿದರಂತೆ. ಎಲ್ಲ ಮುಗಿಸಿ ಕೂತು ಬೂಟು ಎಳೆದರೆ ಒಳಗೆ ರಕ್ತ ಮಡುಗಟ್ಟಿತ್ತಂತೆ.

"ನೋವಾಗ್ಲಿಲ್ವಾ ಮಾವ?"

"ಆಯ್ತು ಕಣ್ಲಾ. ಆದ್ರೆ ಕುದುರೆ ಬಾಯಿಬಿಟ್ಟು ಕೇಳಕ್ಕಾಯ್ತದಾ? ನಂಗೆ ಬಾಯೈತಲ್ಲ, ಆಮೇಕೆ ಕೇಳಿದ್ರಾಯ್ತು."

ಆಮೇಲೂ ಅವರು ಕೇಳಿದವರಲ್ಲ...

ಪದವಿ ಬಂದರೂ ಕೆಲಸ ಬರಲು ತಡವಾಯಿತು. ಕೊನೆಗೆ ಸಿಕ್ಕಿದ್ದು ತಾತ್ಕಾಲಿಕ ಕೆಲಸ, ಸರ್ಕಾರದ ಒಂದು ವಿಚಾರಣೆಯ ಗುಮಾಸ್ತನದು. ಯುದ್ಧದಿಂದ ಮರಳಿದ ಸಿಪಾಯಿಗಳಿಗೆ ಸಕಾಲದಲ್ಲಿ ಚಿಕಿತ್ಸೆ ಏಕೆ ಸಿಗುತ್ತಿಲ್ಲ, ಸಿಗುವಂತೆ ಮಾಡುವುದು ಹೇಗೆ ಎಂದು ನಮ್ಮ ಸೀಮೆಯಲ್ಲಿ ತಿರುಗಿ, ಕೇಳಿ, ಬರೆದು ಒಪ್ಪಿಸಬೇಕಾಗಿತ್ತು. ಸೈಕಲ್ಲಿನಲ್ಲಿ, ಎತ್ತಿನ ಗಾಡಿಯಲ್ಲಿ, ಬಸ್ಸಿನ ಮೇಲೆ ಮೂಟೆಗಳ ನಡುವೆ ಕೂತು ಮಿಡಿಗೇಶಿ, ಶಿರಾ, ಹೊಳವನಹಳ್ಳಿ, ನಿಡುಗಲ್ಲಿನ ತನಕ ಹೋದೆ. ಯಾವ ಊರಿನಲ್ಲಿ ಯಾರಿದ್ದಾರೆ ಎಂದು ಹೇಳಿಕೊಟ್ಟವರು ಮಾವನೇ.

ಎಲ್ಲರ ಮಾತೂ ಒಂದೇ ಆಗಿತ್ತು. ಸಿಪಾಯಿಗಳಿಗೆಂದು ಬೆಂಗಳೂರಿನಲ್ಲಿ ಹಾಸಿಗೆಗಳಿದ್ದವು. ಆದರೆ ಆ ಹಾಸಿಗೆ ಸಿಗಬೇಕಾದರೆ ಮಿಲಿಟರಿ ಡಾಕ್ಟರು ಕಣ್ಣಾರೆ ನೋಡಿ ಚೀಟಿ ಬರೆಯಬೇಕು. ಮಿಲಿಟರಿ ಡಾಕ್ಟರು ಈ ಕಡೆ ಬರುವುದೇ ಇಲ್ಲ. ತಾಲ್ಲೂಕಿನ ಡಾಕ್ಟರಿಗೆ ಗಾಯ ತೊಳೆದು ಕಟ್ಟುವ ಅಧಿಕಾರವಿತ್ತು, ಚೀಟಿ ಬರೆಯುವ ಅಧಿಕಾರವಿರಲಿಲ್ಲ. ಚೀಟಿ ಬೇಕಿಲ್ಲದ್ದು ಪ್ರಾಣ ಹೋಗುವ ಸ್ಥಿತಿಯಲ್ಲಿದ್ದವರಿಗೆ ಮಾತ್ರ. ಶಿರಾದ ಒಬ್ಬ ಸಾಬರು ನಗುತ್ತಾ, "ಹುಜೂರ್, ನಮ್ಮ ಊರಿಗೆ ದನದ ಡಾಕ್ಟರು ತಿಂಗಳಿಗೊಂದ್ಸಲ ಬರ್ತಾರೆ. ನಮ್ಮನ್ನೂ ದನ ಅಂತ ಬರ್ಕೊಳ್ಳಿ" ಎಂದರು. ನಾನೂ ನಕ್ಕೆ. ಅದೇ ಮಾತನ್ನು ಮರ್ಯಾದೆಯ ಇಂಗ್ಲಿಷಿನಲ್ಲಿ ಬರೆದು ಮೇಲಕ್ಕೆ ಕಳಿಸಿದೆ. ಏನು ಪುಣ್ಯವೋ, ಕೆಲಸ ಮಾಡಿತು. ಒಂದು ದಿನದ ಮಟ್ಟಿಗೆ ಡಾಕ್ಟರು ಮಧುಗಿರಿಗೆ ಬರುತ್ತಾರೆ, ಪ್ರವಾಸಿ ಬಂಗಲೆಯಲ್ಲಿ ಎಲ್ಲರನ್ನೂ ನೋಡುತ್ತಾರೆ ಎಂದು ಆಜ್ಞೆ ಬಂತು. ನನ್ನ ಬರಹದಿಂದ ಆದ ಕೆಲಸ! ಅಪ್ಪನ ಮುಂದೆ ಅದನ್ನು ಗಟ್ಟಿಯಾಗಿ ಓದಿದೆ.

ಆ ವೇಳೆಗೆ ಮಾವನ ಮನೆಯ ಎಣ್ಣೆಯ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಹುಟ್ಟಿತ್ತು. ಒಂದು ದಿನ ಪಂಚೆ ಸರಿಸಿ ತೋರಿಸಿ ಎಂದು ಗಂಟು ಬಿದ್ದೆ. ತೊಡೆ ಊದಿ ಕೆಂಪಗಾಗಿತ್ತು, ಹಳೆಯ ಗಾಯದ ಬಾಯಿ ಒಸರುತ್ತಿತ್ತು. ಸುತ್ತಲೂ ಕುದುರೆ ಎಣ್ಣೆ ಮೆತ್ತಿಕೊಂಡಿದ್ದರು.

"ಬಾಡಿಗೆದಾರ ಮನೆ ಖಾಲಿ ಮಾಡ್ತಾವ್ನೆ ಕಣ್ಲಾ, ಸಾಮಾನು ಎಳೀತಾವ್ನೆ" ಎಂದರು.

ತಾಲ್ಲೂಕಿನ ಡಾಕ್ಟರು ನೋಡಿ, ತೊಳೆದು, ನನ್ನನ್ನು ಹೊರಗೆ ಕರೆದರು. ಕೀವು ಮೂಳೆಯವರೆಗೂ ಹೋಗಿದೆ, ಕೊಯ್ದು ತೆಗೆಯಲೇಬೇಕು, ತಡ ಮಾಡಿದರೆ ಉಳಿಯುವುದಿಲ್ಲ, ಇಲ್ಲಿ ಆಗುವ ಕೆಲಸವಲ್ಲ ಎಂದರು. ಹೆದರಬೇಡಿ ಎಂದೆ ನಾನು, ಅವರಿಗೆ! ಬರುವ ವಾರವೇ ಮಿಲಿಟರಿ ಡಾಕ್ಟರು ಬರುತ್ತಿದ್ದಾರಲ್ಲ.

ಸುದ್ದಿಯನ್ನು ನಾನು ತಿರುಗಿದ್ದ ನಾಲ್ಕೂ ತಾಲ್ಲೂಕಿಗೆ ಮುಟ್ಟಿಸಿದವರು ಮಾವನೇ, ಬಸ್ಸಿನ ಡ್ರೈವರುಗಳ ಕೈಲಿ ಹೇಳಿ ಕಳಿಸಿ. ಆ ದಿನ ಬೆಳಿಗ್ಗೆ ಬಂಗಲೆಯ ಮುಂದಿನ ಹುಣಸೆ ಮರದ ಕೆಳಗೆ ಸಾಲು ನಿಂತಿತು. ಮಾವ ಖಾಕಿ ಕೋಟು ಹಾಕಿ, ಕೋಲು ಊರಿಕೊಂಡು, ಸಾಲು ತಿದ್ದುತ್ತಾ ಓಡಾಡುತ್ತಿದ್ದರು. ದೂರದವರು ಮೊದಲು. ಪಾವಗಡದವರು, ಆಮೇಲೆ ಶಿರಾದವರು, ಆಮೇಲೆ ಕೊರಟಗೆರೆಯ ಕಡೆಯವರು, ಕೊನೆಗೆ ನಮ್ಮ ಊರಿನವರು. ಕಟ್ಟಕಡೆಗೆ ದಫೇದಾರ.

ನಾನು ಮೊದಲು ಕರೆದದ್ದೇ ಅವರನ್ನು. ಕದಲಲಿಲ್ಲ. ಹತ್ತಿರ ಹೋಗಿ ಕೈ ಹಿಡಿದೆ.

"ಲೇ ಬಿಯೆ, ಲೈನು ಕೆಡಿಸ್ಬ್ಯಾಡ. ಪಾವಗಡದೋರು ಬಸ್ ಹಿಡೀಬೇಕು. ನನ್ ಮನೆ ಇಲ್ಲೇ ಐತೆ, ಕೆಮ್ಮಿದ್ರೆ ಕೇಳೋ ದೂರ."

ಸಾಲಿನ ಮುಂದೆಯೇ ಇದ್ದ ಪಾವಗಡದ ಕಡೆಯವನೊಬ್ಬ, "ದಫೇದಾರಣ್ಣಾ, ಮೀರು ಮುಂದು ಪೋಂಡಿ" ಎಂದು, ನೀವೇ ಮೊದಲು ಹೋಗಿ ಎಂದು, ತೆಲುಗಿನಲ್ಲಿ ಬೇಡಿಕೊಂಡ. ಮಾವ ಅವನನ್ನು ಗದರಿಸಿದರು. "ಎದೆ ಎತ್ತಿ ನಿಂತ್ಕೊಳ್ಳೋ, ಒಣಗಿದ ಹುರುಳಿ ಗಿಡ ಇದ್ದಂಗಿದೀಯ." ಸಾಲೆಲ್ಲ ನಕ್ಕಿತು. ಎಷ್ಟೋ ವರ್ಷಗಳ ಮೇಲೆ ತಮ್ಮ ದಫೇದಾರನ ಬೈಗುಳ ಸಿಕ್ಕಿದ ಸಂತೋಷ ಆ ನಗುವಿನಲ್ಲಿತ್ತು.

ಡಾಕ್ಟರು ಒಳ್ಳೆಯವರು, ಅದೇ ಕಷ್ಟವಾಯಿತು. ಅವಸರ ಮಾಡುವವರಾಗಿದ್ದರೆ ಸಾಲು ಬೇಗ ಕರಗುತ್ತಿತ್ತು. ಒಬ್ಬೊಬ್ಬರನ್ನೂ ಕೂರಿಸಿ, ಎದೆಗೆ ಕೊಳವೆಯಿಟ್ಟು, ಹಳೆಯ ಕಥೆ ಕೇಳಿ, ನಿಧಾನವಾಗಿ ನೋಡಿದರು. ನಾನು ನಡುನಡುವೆ ಹೊರಗೆ ಬಂದು ಮಾವನನ್ನು ಕರೆಯುವುದು, ಅವರು ಕೋಲಿನಿಂದ ಮುಂದಿನವನನ್ನು ಒಳಗೆ ತಳ್ಳುವುದು. ಬಿಸಿಲು ಇಳಿಯಿತು. ಕಾರಿನ ಡ್ರೈವರು ಬಂದು, ಕತ್ತಲಾಗುವ ಮೊದಲು ತುಮಕೂರು ಸೇರದಿದ್ದರೆ ರೈಲು ತಪ್ಪುತ್ತದೆ ಎಂದ. ಹೊರಗೆ ಉಳಿದಿದ್ದವರು ಇಬ್ಬರು. ಹೊಳವನಹಳ್ಳಿಯಿಂದ ನಡೆದು ತಡವಾಗಿ ಬಂದು ಸೇರಿದ್ದ, ಕೆಮ್ಮಿ ಕೆಮ್ಮಿ ಬಾಗಿಹೋಗಿದ್ದ ಒಬ್ಬ, ಮತ್ತು ಮಾವ.

"ಇನ್ನೊಬ್ಬರನ್ನು ನೋಡಬಹುದು, ಅಷ್ಟೆ" ಎಂದರು ಡಾಕ್ಟರು.

ನಾನು ಓಡಿ ಬಂದು ಹೇಳಿದೆ, ಅತ್ತುಬಿಟ್ಟೆನೋ ಏನೋ. ಹೊಳವನಹಳ್ಳಿಯವನು ಕೈಮುಗಿದು ಹಿಂದೆ ಸರಿದ. ಮಾವ ಅವನ ಹೆಗಲು ಹಿಡಿದು ಬಾಗಿಲಿಗೆ ನೂಕಿದರು. "ಇವ್ನು ನನ್ ಕೈಕೆಳಗಿದ್ದೋನು ಕಣ್ಲಾ, ಇವ್ನನ್ನ ಹೊರಗೆ ನಿಲ್ಲಿಸಿ ನಾನು ಹೋಗ್ಲಾ?" ಆ ಒಂದು ಕ್ಷಣ ಅವರ ಮುಖದಲ್ಲಿ ನಗು ಇರಲಿಲ್ಲ. ನಾನು ಹೊಳವನಹಳ್ಳಿಯವನನ್ನು ಒಳಗೆ ಕರೆದುಕೊಂಡು ಹೋದೆ.

ಡಾಕ್ಟರು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮಾವ ಕೋಲನ್ನು ಮರಕ್ಕೆ ಒರಗಿಸಿ, ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು ಸಲಾಮು ಹೊಡೆದರು. ಅಂಥ ಸಲಾಮನ್ನು ನಾನು ಮತ್ತೆ ಕಂಡಿಲ್ಲ. ಡಾಕ್ಟರ ಮುಖ ಅರಳಿತು. "ಕೈಸೇ ಹೋ, ದಫೇದಾರ್ ಸಾಬ್?"

"ಠೀಕ್ ಹೈ, ಸಾಬ್."

"ಇಲ್ಲ ಸಾರ್, ಅವರ ಕಾಲು ನೋಡಿ, ಅವರ ಕಾಲು..." ಎಂದು ನಾನು ಕಾರಿನ ಬಾಗಿಲು ಹಿಡಿದುಕೊಂಡೆ. ಡಾಕ್ಟರು ನನ್ನನ್ನೂ ನೆಟ್ಟಗೆ ನಿಂತಿದ್ದ ಆ ಮನುಷ್ಯನನ್ನೂ ನೋಡಿದರು. "ಮಳೆಗಾಲ ಕಳೆದ ಮೇಲೆ ಮತ್ತೆ ಬರುತ್ತೇನೆ. ಆಗ ಇವರೇ ಮೊದಲು. ಮರೆಯುವುದಿಲ್ಲ" ಎಂದು ನನ್ನ ಬೆನ್ನು ತಟ್ಟಿದರು. ಕಾರು ಹೋಯಿತು. ಧೂಳು ಅಡಗುವವರೆಗೆ ಮಾವ ಹಾಗೇ ನಿಂತಿದ್ದರು. ಆಮೇಲೆ ಕೋಲಿಗೆ ಕೈ ಚಾಚಿದರು. ಎಟುಕಲಿಲ್ಲ.

ಮಳೆಗಾಲ ಕಳೆಯುವುದಿರಲಿ, ಸರಿಯಾಗಿ ಹಿಡಿಯಲೂ ಇಲ್ಲ. ತಾಲ್ಲೂಕಿನ ಡಾಕ್ಟರು ಬೆಂಗಳೂರಿಗೆ ಬರೆದರು. ನಾನೂ ನನಗೆ ಬರುವಷ್ಟು ಇಂಗ್ಲಿಷನ್ನೆಲ್ಲ ಸುರಿದು ಬರೆದೆ. ಉತ್ತರಕ್ಕಾಗಿ ಅಂಚೆಯವನ ದಾರಿ ಕಾದೆವು. ಜ್ವರ ಏರಿತು. ಒಂದು ಬೆಳಿಗ್ಗೆ ಮಾವ ನನ್ನನ್ನು ಗುರುತಿಸದೆ, ಯಾವುದೋ ಕುದುರೆಯ ಹೆಸರು ಹಿಡಿದು ಕರೆದರು. ಅಪ್ಪ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಅವರನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನ ಕಡೆ ಹೊರಟರು. ನಾನು ಹಿಂದೆ ಕೋಲು ಹಿಡಿದು ನಡೆದೆ.

ದಾರಿಯಲ್ಲಿ ಗಾಳಿಗೋ ಏನೋ ಅವರಿಗೆ ಎಚ್ಚರ ಬಂತು.

"ಯಾರಯ್ಯ ಹೊತ್ತಿರೋದು? ಹಮಾಲನಾ?"

"ಹೂಂ ಕಣಯ್ಯ. ಅರ್ಧ ಮೂಟೆನೂ ಇಲ್ವಲ್ಲಯ್ಯ ನೀನು."

ಬಸ್ಸು ನಿಲ್ಲುವ ಕಡೆ ಕಟ್ಟೆಯ ಮೇಲೆ ಇಳಿಸಿದೆವು. ತುಟಿ ಒಡೆದು ಸೀಳಾಗಿತ್ತು. ನಾನು ಹೋಟೆಲಿನಿಂದ ಒಂದು ಲೋಟ ನೀರು ತಂದು ಬಾಯಿಗೆ ಹಿಡಿದೆ. ಅವರು ಹಲ್ಲು ಕಚ್ಚಿಕೊಂಡರು. ಕಣ್ಣಿನಲ್ಲೇ ಅಪ್ಪನನ್ನು ತೋರಿಸಿದರು. ಅಪ್ಪನ ಮೈಯೆಲ್ಲ ಬೆವರು, ಏದುಸಿರು.

"ಮೊದ್ಲು ಕುದುರೆಗೆ..." ಎಂದರು.

ಅಪ್ಪನಿಗೆ ಅರ್ಥವಾಯಿತು. ಲೋಟ ತೆಗೆದುಕೊಂಡು, ಆ ಗದ್ದಲದ ನಡುವೆ, ಎಲ್ಲರೂ ನೋಡುತ್ತಿದ್ದಂತೆ, ಗಟಗಟ ಅರ್ಧ ಕುಡಿದರು. ಉಳಿದ ಅರ್ಧವನ್ನು ಮಾವ ಕುಡಿದರು.

ಬೆಂಗಳೂರಿನಲ್ಲಿ ಕೂಡಲೇ ಒಳಗೆ ಸೇರಿಸಿಕೊಂಡರು. ಚೀಟಿಯನ್ನು ಯಾರೂ ಕೇಳಲೇ ಇಲ್ಲ. ಅಷ್ಟು ಕೆಟ್ಟ ಮೇಲೆ ಚೀಟಿ ಬೇಕಾಗಿರಲಿಲ್ಲ. ಬಿಳಿಯ ಹಾಸಿಗೆ, ಬಿಳಿಯ ಹೊದಿಕೆ, ಇಬ್ಬರು ದಾದಿಯರು. ಎಲ್ಲವೂ ಇತ್ತು. ವಾರ ತುಂಬುವ ಮೊದಲೇ ಮಾವ ಹೋದರು...

ನಾನು ವರದಿ ಬರೆದೆ. ತಾಲ್ಲೂಕಿನ ಡಾಕ್ಟರ ಕಾಗದಕ್ಕೆ ಹಾಸಿಗೆ ಕೊಡಬೇಕು, ಮಿಲಿಟರಿ ಡಾಕ್ಟರು ಗೊತ್ತುಮಾಡಿದ ದಿನಕ್ಕೆ ಬರಬೇಕು ಎಂದೆ. ಕೊನೆಯಲ್ಲಿ, ಸಾಲನ್ನು ಹಿಂದಿನಿಂದ ನೋಡಿಕೊಂಡು ಬರಬೇಕು, ಕೊನೆಗೆ ನಿಂತವನೇ ಎಲ್ಲರಿಗಿಂತ ಕಾಯಿಲೆಯವನಿರಬಹುದು ಎಂದು ಸೇರಿಸಿದೆ. ಮೇಲಿನವರು ಆ ವಾಕ್ಯವನ್ನು ಹೊಡೆದುಹಾಕಿ, ಉಳಿದದ್ದನ್ನು ವಂದನೆಗಳೊಂದಿಗೆ ಸ್ವೀಕರಿಸಿದರು. ಆಮೇಲೆ ಅದು ಎಲ್ಲಿ ಹೋಯಿತೋ ನನಗೆ ತಿಳಿಯದು. ನನ್ನ ಕೆಲಸವೂ ಅಲ್ಲಿಗೆ ಮುಗಿದು ಬೇರೆ ಇಲಾಖೆ ಸೇರಿದೆ.

ಈಗ ಇನ್ನೊಂದು ಯುದ್ಧ ಮುಗಿದಿದೆ. ಅಪ್ಪನೂ ಇಲ್ಲ. ಬರ್ಮಾದಿಂದ, ಇನ್ನೆಲ್ಲಿಂದಲೋ ಹುಡುಗರು ಕಪ್ಪು ಟ್ರಂಕು ಹೊತ್ತು ಬಂದು ಬಸ್ಸು ಇಳಿಯುತ್ತಿದ್ದಾರೆ. ಮರಳಿದ ಸಿಪಾಯಿಗಳಿಗೆ ಸಕಾಲದಲ್ಲಿ ಚಿಕಿತ್ಸೆ ಸಿಗುವಂತೆ ಮಾಡುವುದು ಹೇಗೆ, ಅನುಭವವುಳ್ಳವರು ಅಭಿಪ್ರಾಯ ತಿಳಿಸಬೇಕು ಎಂದು ಮೊನ್ನೆ ಪತ್ರಿಕೆಯಲ್ಲಿ ಬಂದಿತ್ತು. ಬಣ್ಣದವನು ಬಂದಾಗ ನಾನು ಓದುತ್ತಿದ್ದುದು ಅದನ್ನೇ.

ಆ ಮಧ್ಯಾಹ್ನ ಬಸ್ಸಿನ ಹತ್ತಿರ ಹೋಗಿದ್ದೆ. ಮಿಡಿಗೇಶಿಯ ಕಡೆ ಹೋಗುವ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಖಾಕಿ ಕೋಟಿನ ಒಬ್ಬ ಹುಡುಗ ಮಾತ್ರ ಒಂದು ಕಾಲಿನ ಮೇಲೆ ಭಾರ ಬಿಟ್ಟು, ಮುದುಕಿಯರನ್ನೂ ಮಕ್ಕಳ ತಾಯಂದಿರನ್ನೂ ಹತ್ತಿಸುತ್ತಾ ಹಿಂದೆ ನಿಂತಿದ್ದ.

"ಕಾಲಿಗೇನಾಗಿದೆಯಪ್ಪ?" ಎಂದೆ.

"ಏನಿಲ್ಲ ಸಾರ್, ಸರಿಯಾಗೈತೆ" ಎಂದ. ಬಸ್ಸು ತುಂಬಿ ಹೊರಟುಹೋಯಿತು. ಅವನು ಟ್ರಂಕಿನ ಮೇಲೆ ಕೂತ.

ತಾಲ್ಲೂಕಿನ ಆಸ್ಪತ್ರೆಗೆ ಹೋಗೋಣ ಬಾ ಎಂದು ಕರೆದೆ. ಮೊದಲು ಊರಿಗೆ ಹೋಗಿ ಅವ್ವನನ್ನು ನೋಡಬೇಕು ಎಂದ. ಬಲವಂತ ಮಾಡಿದೆ. ನಕ್ಕ, ಅಷ್ಟೆ.

ಸಂಜೆಯ ಹೊತ್ತಿಗೆ ಬಾಗಿಲು ಒಣಗಿತ್ತು. "ಅಬ್ಬಾ, ವಾಸನೆ ಹೋಯ್ತು" ಎಂದಳು ಮನೆಯವಳು. ಅವಳು ಒಳಗೆ ಹೋದ ಮೇಲೆ ನಾನು ಬಾಗಿಲಿನ ಹತ್ತಿರ ಮುಖವಿಟ್ಟು ಉಸಿರೆಳೆದೆ. ಮಾವನ ಎಣ್ಣೆಯ ವಾಸನೆ ಇರಲಿಲ್ಲ... ಹೊಸ ಬಣ್ಣದ ವಾಸನೆ, ಅಷ್ಟೆ.