ವೆಂಡೆಲ್‌ನನ್ನು ರೋಸ್ಟ್ ಮಾಡಿದ ಸಂಜೆ

ರೋಸ್ಟ್ ಅನ್ನೋ ಒಂದು ಮಾತಿಗೆ ನಮ್ಮೂರಲ್ಲಿ ಎಷ್ಟೊಂದು ಅರ್ಥ! ಭಾನುವಾರ ಓವನ್‌ನಲ್ಲಿ ಬೇಯುವ ದನದ ಮಾಂಸವೂ ರೋಸ್ಟೇ, ಕಾಫಿಬೀಜ ಹುರಿಯೋದೂ ರೋಸ್ಟೇ, ಜುಲೈ ಬಿಸಿಲಲ್ಲಿ ಚಾವಣಿ ರಿಪೇರಿಗೆ ಹತ್ತಿದವನ ಬೆನ್ನು ಸುಡೋದೂ ರೋಸ್ಟೇ. ಜೀವಂತ ಮನುಷ್ಯನನ್ನ ಕುರ್ಚಿ ಮೇಲೆ ಕೂರಿಸಿ, ಎಲ್ಲರೂ ಸೇರಿ ಅವನ ಮಾನ ಹರಾಜು ಹಾಕಿದರೆ ಅದೂ ರೋಸ್ಟು. ನನ್ನ ತಮ್ಮ ವೆಂಡೆಲ್ ಮೊದಲನೇದನ್ನ ಜೀವಮಾನವಿಡೀ ಮಾಡಿದ, ಕೊನೇದಕ್ಕಾಗಿ ಜೀವಮಾನವಿಡೀ ಕಾದ.

ಅವನಿಗೆ ಹುಟ್ಟಿದಾಗಿಂದ ಎಡಗಾಲು ಗಿಡ್ಡ. ನಮ್ಮ ಅಪ್ಪ, ಅಜ್ಜ ಇಬ್ಬರೂ ಊರಿನ ಫೈರ್ ಸ್ಟೇಷನ್ನಿನ ಪಡೆಯಲ್ಲಿದ್ದವರು. ಸಂಬಳ ಗಿಂಬಳ ಏನಿಲ್ಲ, ಸೈರನ್ ಕೂಗಿದರೆ ಊರ ಗಂಡಸರೇ ಕೈಲಿದ್ದ ಕೆಲಸ ಬಿಟ್ಟು ಓಡೋದು. ವೆಂಡೆಲ್ ಕೂಡ ಹೋಗಿ ಕೇಳಿದ. "ಏಣಿ ಹತ್ತೋಕಾಗುತ್ತೇನೋ ನಿನಗೆ? ಅಡುಗೆಮನೆ ನೋಡ್ಕೋ ಹೋಗು" ಅಂದರು. ನೋಡಿಕೊಂಡ. ಭಾನುವಾರ ಬಂತೆಂದರೆ ಮಾಂಸ, ಆಲೂಗಡ್ಡೆ, ಗ್ರೇವಿ. ಪಡೆಯವರ ಕೋಟುಗಳಿಗೆ ಗೋಡೆಯಲ್ಲಿ ಹೆಸರು ಬರೆದ ಗೂಟಗಳು. ಇವನ ಏಪ್ರನ್ನಿಗೆ ಅಡುಗೆಮನೆ ಬಾಗಿಲ ಹಿಂದೆ ಒಂದು ಮೊಳೆ.

ಪಡೆ ಬಿಡುವವರಿಗೆಲ್ಲ ರೋಸ್ಟ್ ಆಗಲೇಬೇಕು. ಲೈಲ್‌ನ ಹೆಂಡತಿ ಹೀಟರ್ ರಿಪೇರಿಯವನ ಜತೆ ಓಡಿಹೋಗಿ ತಿಂಗಳೂ ಆಗಿರಲಿಲ್ಲ, ಅವನ ರೋಸ್ಟಿನ ದಿನ ಪಕ್ಕದಲ್ಲೊಂದು ಖಾಲಿ ಕುರ್ಚಿ ಹಾಕಿ ಅದರ ಮೇಲೆ ಸ್ಪ್ಯಾನರ್ ಇಟ್ಟಿದ್ದರು. "ಏನ್ ಲೈಲಣ್ಣ, ಮನೆ ಬೆಚ್ಚಗಿದೆಯಾ?" ಅಂತ ಕೇಳಿದ್ದೇ ಕೇಳಿದ್ದು. ಲೈಲ್ ಬಿದ್ದೂ ಬಿದ್ದೂ ನಕ್ಕ. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿದ. ಮಾರನೇ ದಿನ ಬೈದವರಿಗೆಲ್ಲ ಬಿಯರ್ ಕೊಡಿಸಿದ. ನಮ್ಮವನಾದರೆ ಬೈಗುಳ, ಹೊರಗಿನವನಾದರೆ ಮರ್ಯಾದೆ. ಇಲ್ಲಿ ನಡೆಯೋದೇ ಹಾಗೆ.

ಈ ವರ್ಷ ವೆಂಡೆಲ್ ಅಡುಗೆ ಬಿಡ್ತೀನಿ ಅಂದಾಗ, ಪಡೆಯ ಮುಖ್ಯಸ್ಥ ಗಾರ್ತ್ "ನಿನಗೂ ಒಂದು ರೋಸ್ಟ್ ಮಾಡೋಣ ಬಿಡೋ" ಅಂದನಂತೆ. ತಮ್ಮ ಕುಂಟುತ್ತಲೇ ನನ್ನ ಮನೆಗೆ ಓಡಿಬಂದ.

"ಅಕ್ಕಾ, ನನ್ನನ್ನ ಬೈತಾರಂತೆ ಕಣೇ!"

"ಥೂ, ಅದಕ್ಯಾಕೋ ಹೀಗೆ ಹಲ್ಲು ಕಿರೀತೀಯ?"

"ಕಾಲಿನ ವಿಷಯ ಎತ್ತೇ ಎತ್ತುತ್ತಾರೆ ನೋಡ್ತಿರು. ಗಾರ್ತ್‌ಗೆ ಏನನ್ಬೇಕು, ಲೈಲ್‌ಗೆ ಏನನ್ಬೇಕು, ಎಲ್ಲ ರೆಡಿ ಮಾಡ್ಕೊಂಡಿದೀನಿ."

ಬೈಸಿಕೊಂಡವನಿಗೆ ಕೊನೆಯಲ್ಲಿ ಮೈಕ್ ಸಿಗುತ್ತೆ. ಆದರೆ ಬೈದವರಿಗೆ ಮಾತ್ರ ತಿರುಗಿಸಿ ಕೊಡಬಹುದು.

ಆ ಸಂಜೆ ಹೊಸ ಶರ್ಟು ಹಾಕಿಕೊಂಡು ಬಂದ. ಮಾಂಸವನ್ನ ಅವನೇ ಓವನ್‌ಗೆ ಹಾಕಿದ್ದ. ಇವತ್ತೊಂದು ದಿನ ಬೇರೆ ಯಾರಾದರೂ ಬೇಯಿಸಬಹುದು ಅಂತ ಆ ಪಾಪಿಗಳಿಗೆ ಹೊಳೆಯಲೂ ಇಲ್ಲ. ಕುರ್ಚಿ ಮೇಲೆ ಮದುಮಗನ ಹಾಗೆ ಕೂತ.

ಗಾರ್ತ್ ಎದ್ದ. "ವೆಂಡೆಲ್ ಬಹಳ ಒಳ್ಳೆಯವರು. ಅವರ ಗ್ರೇವಿಗೆ ಸಾಟಿಯಿಲ್ಲ."

ಒಳ್ಳೆಯವರು! ಅವರ! ಲೈಲ್ ಎದ್ದ. "ಶ್ರಮಜೀವಿ. ದೇವರು ಅವರಿಗೆ ಒಳ್ಳೇದು ಮಾಡಲಿ." ಮೂರನೆಯವನು ಗಡಿಯಾರ ನೋಡಿಕೊಂಡು "ನಂದೂ ಅದೇ ಮಾತು" ಅಂದು ಕೂತೇಬಿಟ್ಟ. ಬೈಯೋಕೆ ಆಳು ಗೊತ್ತಿರಬೇಕಲ್ಲ! ಇಷ್ಟು ವರ್ಷ ತಿಂದವರಿಗೆ ಇವನ ಬಗ್ಗೆ ಒಂದು ಬೈಗುಳಕ್ಕಾಗುವಷ್ಟೂ ಗೊತ್ತಿರಲಿಲ್ಲ. ತಮ್ಮನ ಮುಖದ ಮೇಲೆ ನಗು ಹಾಗೇ ನಿಂತಿತ್ತು. ಅದನ್ನ ಇಳಿಸೋದು ಹೇಗೆ ಅಂತ ಅವನಿಗೆ ತಿಳೀಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹೋಗಿ ಮೈಕ್ ಕಿತ್ತುಕೊಂಡೆ.

"ಈ ಕುಂಟನ ಕಥೆ ನಾನು ಹೇಳ್ತೀನಿ ಕೇಳಿ! ಒಂದ್ಸಲ ಈ ಸ್ಟೇಷನ್ ಅಡುಗೆಮನೆಗೇ ಬೆಂಕಿ ಹಚ್ಚಿದ. ಫೈರ್ ಇಂಜಿನ್ ಹೊರಗೆ ತೆಗೆಯೋ ಕಷ್ಟಾನೂ ಕೊಡ್ಲಿಲ್ಲ, ಪುಣ್ಯಾತ್ಮ! ಹುಡುಗಿ ಕೇಳೋಕೆ ಹೋದಾಗ ಹೂವು ಬಿಟ್ಟು ಆಲೂಗಡ್ಡೆ ಸಲಾಡ್ ತಗೊಂಡ್ಹೋದ. ಅವಳು ಪಾತ್ರೆ ಒಳಗಿಟ್ಕೊಂಡು ಬಾಗಿಲು ಹಾಕಿದ್ಲು! ಇವನು ಪಾತ್ರೆ ವಾಪಸ್ ಕೊಡ್ತಾಳೆ ಅಂತ ಇನ್ನೂ ಕಾಯ್ತಿದಾನೆ!"

"ಅಡೆಲಕ್ಕ, ಪಾಪ, ಅವರಿಗೆ ಯಾಕೆ ಹೀಗೆಲ್ಲ?" ಅಂದ ಗಾರ್ತ್. ಪಾಪ ಅಂತೆ! ಲೈಲ್‌ನ ಕುರ್ಚಿ ಪಕ್ಕ ಸ್ಪ್ಯಾನರ್ ಇಟ್ಟ ಕೈ ಇವನದೇ.

ವೆಂಡೆಲ್ ಎದ್ದು ನನ್ನ ಕೈಯಿಂದ ಮೈಕ್ ತಗೊಂಡ.

"ಎಲ್ಲರಿಗೂ ಉತ್ತರ ರೆಡಿ ಮಾಡ್ಕೊಂಡು ಬಂದಿದ್ದೆ" ಅಂದ. "ಬೈದಿದ್ದು ಇವಳೊಬ್ಬಳೇ. ಇವಳು ನಮ್ಮಕ್ಕ. ಇವಳದ್ದು ಲೆಕ್ಕಕ್ಕಿಲ್ಲ."

ಹಾಲ್‌ಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಮೇಲೆ ಜೋಕ್ ಹೊಡೆದ ಅಂದುಕೊಂಡರು. ಲೈಲ್ ಮೇಜು ಗುದ್ದಿ, "ಭಲೇ, ಚೆನ್ನಾಗಿ ಕೊಟ್ರಿ ವೆಂಡೆಲ್!" ಅಂದ. ಆಗಲೂ ಬಹುವಚನವೇ.

ವೆಂಡೆಲ್ ನಗಲಿಲ್ಲ. ಹೊಸ ಶರ್ಟಿನ ತೋಳು ಮಡಚಿದ, ಅಡುಗೆಮನೆ ಬಾಗಿಲ ಹಿಂದಿನ ಏಪ್ರನ್ ತೆಗೆದು ಕಟ್ಟಿಕೊಂಡ. "ತಟ್ಟೆ ತಗೊಳ್ಳಿ ಎಲ್ರೂ, ಮಾಂಸ ಆರುತ್ತೆ" ಅಂದ.

ಸಾಲಾಗಿ ಬಂದು ನಿಂತರು. ಅವನು ಕೊಯ್ದು ಕೊಯ್ದು ಬಡಿಸಿದ. ಒಬ್ಬೊಬ್ಬನೂ ತಲೆಬಾಗಿ, ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಮುಂದೆ ಹೋದ.