ಅಟ್ಟದ ಮೇಲೆ ಉಳಿದ ಕಾಯಿ

ಇವತ್ತು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ಹಾಲು ಕಾಯಿಸಿದೆ. ಅಡುಗೆಮನೆಯ ಟೈಲ್ಸ್ ಒರೆಸಿದೆ. ಅವರೆಕಾಯಿ ಬಿಡಿಸಿದೆ. ಮಹಡಿಯ ರೂಮಿನ ಕಿಟಕಿ ತೆರೆದು ಮಂಚಕ್ಕೆ ಹೊಸ ಹೊದಿಕೆ ಹಾಕಿದೆ. ಹಾಲ್‌ನಲ್ಲಿದ್ದ ಮಗಳ ಫೋಟೋ ಇಳಿಸಿ ಬೀರುವಿನಲ್ಲಿ ಸೀರೆಗಳ ನಡುವೆ ಇಟ್ಟೆ. ಖಾಲಿ ಮೊಳೆಗೆ ಕ್ಯಾಲೆಂಡರ್ ನೇತುಹಾಕಿದೆ.

ಫೋಟೋ ಇಳಿಸು ಎಂದವರು ನಮ್ಮ ಮನೆಯವರು. ತಿಪಟೂರಿನ ಈ ಮನೆಯನ್ನು ಮಾರಲು ಇಟ್ಟಿದ್ದೇವೆ. ಪಾರ್ಕಿನ ಪಕ್ಕ, ಕಾರಿಗೆ ಜಾಗ, ಮೆಟ್ಟಿಲಿಗೆ ಸ್ಟೀಲ್ ಕಂಬಿ, ತಾರಸಿಯ ಮೇಲೆ ಕೊಬ್ಬರಿಗೆ ವರ್ಷವಿಡೀ ತೆಂಗಿನಕಾಯಿ ಹಾಕಿಡಲು ಶೀಟಿನ ಅಟ್ಟ. ಇನ್ನೂ ಬಣ್ಣ ಮಾಸಿಲ್ಲ. ಮಗಳಿಗೆ ಹುಟ್ಟಿನಿಂದಲೂ ಹೃದಯದ ತೊಂದರೆ ಇತ್ತು. ಆದರೂ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಒಂದು ಬೆಳಿಗ್ಗೆ ಮಹಡಿಯ ರೂಮಿಗೆ ಹೋಗಿ ಕಾಫಿಗೆ ಕರೆದರೆ ಏಳಲಿಲ್ಲ. ಜೀವ ಹೋದ ನಕ್ಷತ್ರ ಸರಿಯಿಲ್ಲ, ಮನೆ ಬಿಡಬೇಕು ಎಂದರು ಹಿರಿಯರು. ಯಾರೂ ಒಳಗೆ ಕಾಲಿಡದಂತೆ ಬಾಗಿಲಿಗೆ ಮುಳ್ಳು ಹಾಕಿ ಮೂರು ತಿಂಗಳು ದಬ್ಬೇಘಟ್ಟದ ತೋಟದ ಮನೆಯಲ್ಲಿದ್ದೆವು.

ವಾಪಸು ಬಂದ ಮೇಲೆ ಇವರು ಮಹಡಿ ಹತ್ತಿಲ್ಲ. ಸಂಜೆ ಮಗಳು ಕೂರುತ್ತಿದ್ದ ಪಾರ್ಕಿನ ಉಯ್ಯಾಲೆ ಕಿರುಗುಟ್ಟಿದರೆ ಟೀವಿ ಜೋರು ಮಾಡುತ್ತಾರೆ. ರಾತ್ರಿಯೆಲ್ಲ ಹಾಲ್‌ನಲ್ಲಿ ಕೂತೇ ಇರುತ್ತಾರೆ. "ಇಲ್ಲೇ ಇದ್ರೆ ನಾನು ಉಳಿಯಾಕಿಲ್ಲ ಕಣೇ" ಎಂದು ಒಮ್ಮೆ ಹೇಳಿದರು. ಸುಮ್ಮನೆ ಮಾತಿಗೆ ಹೇಳುವ ಜಾಯಮಾನ ಅವರದಲ್ಲ.

ಮುಳ್ಳು ಹಾಕಿದ ಮನೆ ಎಂದರೆ ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಎರಡು ಸಲ ಜನ ಬಂದು, ಒಪ್ಪಿ, ಆಮೇಲೆ ಬೀದಿಯವರಿಂದ ಕೇಳಿ ಹಿಂದೆ ಸರಿದರು. ಅದಕ್ಕೇ ಈ ಸಲ ಇವರು ನಮ್ಮ ಸುದ್ದಿ ಗೊತ್ತಿಲ್ಲದ ಕಿಬ್ಬನಹಳ್ಳಿಯ ಕೊಬ್ಬರಿ ವ್ಯಾಪಾರಿ ಗಂಡಹೆಂಡಿರನ್ನು ಕರೆಸಿದ್ದರು. ಇವತ್ತು ಒಪ್ಪಿದರೆ ನಾಳೆಯೇ ಕರಾರು.

"ಕೇಳಿದ್ರೆ ಏನೂ ಆಗಿಲ್ಲ ಅನ್ನು. ಕೇಳ್ದಿದ್ರೆ ಬಾಯೇ ಬುಡಬ್ಯಾಡ" ಎಂದರು ಇವರು. ನಾನು ಹೂಂ ಎಂದೆ.

ಮಧ್ಯಾಹ್ನ ಊಟದ ಹೊತ್ತು ಕಳೆದು ಬಂದರು. ಆ ಯಜಮಾನರು ಕಿಟಕಿಯಲ್ಲಿ ನಿಂತು, "ಪಾರ್ಕು ಪಕ್ಕದಲ್ಲೇ ಐತೆ. ನಮ್ಮವಳು ದಿನಾ ವಾಕಿಂಗ್ ಮಾಡ್ಲಿ ಅಂತ ಕಣ್ರೀ" ಎಂದರು.

"ಮೊದ್ಲು ನಿಮ್ಮ ಹೊಟ್ಟೆ ಕರಗಿಸ್ಕಳಿ. ಆ ಉಯ್ಯಾಲೇಲಿ ನೀವು ಕೂತ್ರೆ ಸರಪಣಿ ಕಿತ್ತೋಗ್ತದೆ" ಎಂದಳು ಹೆಂಡತಿ. ಬಹಳ ದಿನದ ಮೇಲೆ ಈ ಮನೆಯಲ್ಲಿ ಯಾರೋ ನಕ್ಕರು. ಇವರೂ ನಗುವ ಹಾಗೆ ಮುಖ ಮಾಡಿದರು.

ಗಂಡಸರು ಕೆಳಗೇ ಕೂತರು. ನಾನು ಆಕೆಯನ್ನು ಮಹಡಿಗೆ ಕರೆದುಕೊಂಡು ಹೋದೆ. ರೂಮು ನೋಡಿ, "ಗಾಳಿ ಚೆನ್ನಾಗಿ ಬತ್ತದೆ" ಎಂದಳು. ಅಲ್ಲಿಂದ ತಾರಸಿಗೆ ಹೋದೆವು. ಆಕೆ ಅಟ್ಟಕ್ಕೆ ಕೈಚಾಚಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದಳು. ನೀರು ಪೂರಾ ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಗುಟ್ಟಿತು.

"ಎಷ್ಟು ಚೆನ್ನಾಗಿ ಬಿಟ್ಟೈತೆ! ಯಾವಾಗ ಹಾಕಿದ್ದು ಅಕ್ಕಾ?"

ಫೋಟೋ ಮುಚ್ಚಿಟ್ಟಿದ್ದೆವು, ಬಟ್ಟೆ, ಪುಸ್ತಕ ಮುಚ್ಚಿಟ್ಟಿದ್ದೆವು. ಕಾಯಿಯ ನೆನಪು ಇಬ್ಬರಿಗೂ ಬಂದಿರಲಿಲ್ಲ. ಕಾಯಿ ಹಾಕಿದ್ದು ಯಾವಾಗ ಎಂದು ಕೇಳಿದರೆ ನಮ್ಮ ಕಡೆ ಯಾರೂ ಯೋಚಿಸಿ ಹೇಳುವುದಿಲ್ಲ, ಬಾಯಿಗೆ ತಾನಾಗಿ ಬರುತ್ತದೆ.

"ಹೋದ ಶಿವರಾತ್ರಿಗೆ ಮುಂಚೆ. ಮಗಳು ಕೆಳಗಿಂದ ಒಂದೊಂದೇ ಎತ್ತಿಕೊಡ್ತಿದ್ಲು, ನಾನು ಮೇಲೆ ಜೋಡಿಸ್ತಿದ್ದೆ" ಎಂದೆ.

"ಮಗಳು ಎಲ್ಲವ್ಳೆ ಈಗ? ಮದ್ವೆ ಆಯ್ತಾ?"

ಆಕೆ ಮನೆಯ ವಿಷಯ ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆನೇನೋ. ಕೇಳಿದ್ದು ಮಗಳ ವಿಷಯ. ಓದ್ತಾವ್ಳೆ ಎನ್ನಬಹುದಿತ್ತು. ಮಕ್ಕಳೇ ಇಲ್ಲ ಎಂದಂತೂ ನನ್ನ ಬಾಯಲ್ಲಿ ಬರುತ್ತಿರಲಿಲ್ಲ.

"ಈಗ ನೋಡಿದ ಆ ರೂಮಲ್ಲೇ ಹೋಗ್ಬುಟ್ಲು ಕಣಮ್ಮ. ಮೂರು ತಿಂಗಳು ಮನೆ ಬಿಟ್ಟಿದ್ವಿ."

ಆಕೆ ಕಾಯಿಯನ್ನು ಎಲ್ಲಿತ್ತೋ ಅಲ್ಲೇ ಸದ್ದಾಗದಂತೆ ಇಟ್ಟಳು. ಸ್ವಲ್ಪ ಹೊತ್ತು ನನ್ನ ಕೈ ಹಿಡಿದುಕೊಂಡಿದ್ದಳು.

ಕೆಳಗೆ ಬಂದು ಗಂಡನಿಗೆ, "ಏಳಿ, ಕತ್ಲಾದ್ರೆ ನಿಮಗೆ ಗಾಡಿ ಓಡ್ಸಾಕೆ ಕಣ್ಣು ಕಾಣಲ್ಲ" ಎಂದಳು. ಹೊರಗೆ ಬಿಸಿಲು ಇನ್ನೂ ಚುರುಗುಟ್ಟುತ್ತಿತ್ತು. ಕೊಟ್ಟ ಕುಂಕುಮ ಇಟ್ಟುಕೊಂಡಳು. ಮಾಡಿಟ್ಟಿದ್ದ ಕಾಫಿ ಹಾಗೇ ಉಳಿಯಿತು.

ಕಾರು ಹೋದ ಮೇಲೆ ಇವರು ಕೇಳಿದರು. "ಹೇಳ್ದಾ?"

"ಹೇಳ್ದೆ."

"ಇನ್ನೊಬ್ರು ಬತ್ತಾರೆ ಬುಡು."

"ಬಂದು ಕೇಳಿದ್ರೆ ಅವ್ರಿಗೂ ಹೇಳ್ತೀನಿ ಕಣ್ರೀ. ನನ್ನ ಕೈಲಾಗಲ್ಲ."

ಇವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾನು ಕ್ಯಾಲೆಂಡರ್ ತೆಗೆದು ಫೋಟೋ ಮತ್ತೆ ಮೊಳೆಗೆ ಹಾಕಿದೆ. ಇವರು ಕುರ್ಚಿಯನ್ನು ಫೋಟೋಗೆ ಬೆನ್ನಾಗುವ ಹಾಗೆ ತಿರುಗಿಸಿಕೊಂಡರು. ಆ ಕಡೆ ಪಾರ್ಕಿನ ಕಿಟಕಿ. ಎದ್ದು ಹೋಗಿ ಪರದೆ ಎಳೆದರು.

ರಾತ್ರಿಗೆ ಮುದ್ದೆ, ಅವರೆಕಾಳಿನ ಸಾರು. ಇವರು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟರು. ನಾನು ಪೂರ್ತಿ ಉಂಡೆ, ಮೇಲೆ ಒಂದು ತುತ್ತು ಮಜ್ಜಿಗೆ ಅನ್ನವನ್ನೂ ಉಂಡೆ. ಮೊದಲು ನಿದ್ದೆ ಹೋದವಳು ನಾನು. ಹಾಲ್‌ನ ದೀಪ ಉರಿಯುತ್ತಲೇ ಇತ್ತು.